ಚೆಂದಕ್ಕಾಗಿ ಶಸ್ತ್ರಚಿಕಿತ್ಸೆ: ಮಾಡಿಸಿಕೊಳ್ಳಬೇಕೆ? ಯಾರ ಬಳಿ?

ಮೂಗು ತಿದ್ದಿಸಿಕೊಳ್ಳುವುದು, ಹೊಟ್ಟೆಯ ಕೊಬ್ಬು ತೆಗೆಸುವುದು, ಬೋಳುತಲೆಗೆ ಕೂದಲು ನಾಟಿ ಮಾಡಿಸುವುದು ಒಂದು ಕಾಲಕ್ಕೆ ಸಿನಿಮಾದವರ ವಿಷಯವಾಗಿತ್ತು. ಈಗ ಹಾಗಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಕೂತು ಮೊಬೈಲ್ ತೆರೆದರೂ ಬೆಂಗಳೂರಿನ ಕ್ಲಿನಿಕ್ಕುಗಳ ಜಾಹೀರಾತು ಕಾಣುತ್ತದೆ. 'ಒಂದೇ ದಿನದಲ್ಲಿ', 'ನೋವಿಲ್ಲದೆ', 'ಸುಲಭ ಕಂತಿನಲ್ಲಿ' ಎಂಬ ಮಾತುಗಳು ಅವುಗಳಲ್ಲಿ ಸಾಮಾನ್ಯ. ಹೆಣ್ಣು ಗಂಡು ನೋಡುವ ವಯಸ್ಸಿನವರಿಗೆ ಈ ಮಾತುಗಳು ಬೇಗ ನಾಟುತ್ತವೆ.

ಇಂಥ ಚಿಕಿತ್ಸೆ ಬಯಸುವುದು ತಪ್ಪಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಆದರೆ ಇದು ಬ್ಯೂಟಿ ಪಾರ್ಲರಿನ ಕೆಲಸವಲ್ಲ, ಶಸ್ತ್ರಚಿಕಿತ್ಸೆ. ಈ ವ್ಯತ್ಯಾಸ ಮರೆತರೆ ಏನಾಗಬಹುದು ಎಂಬುದನ್ನು ಕರ್ನಾಟಕ 2022ರಲ್ಲಿ ನೋಡಿತು.

2022ರ ಮೇ ತಿಂಗಳಲ್ಲಿ ನಡೆದದ್ದು

ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಅವರಿಗೆ ಆಗ 21 ವರ್ಷ. ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಒಂದು ಖಾಸಗಿ ಕಾಸ್ಮೆಟಿಕ್ ಕೇಂದ್ರಕ್ಕೆ ದಾಖಲಾದರು. ಮನೆಯವರಿಗೆ ತಿಳಿಸದೆ ಸ್ನೇಹಿತರ ಜೊತೆ ಹೋಗಿದ್ದರು ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಶಸ್ತ್ರಚಿಕಿತ್ಸೆಯ ನಂತರ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಬೇರೊಂದು ಆಸ್ಪತ್ರೆಗೆ ಸಾಗಿಸಿದರೂ ಮೇ 16ರಂದು ಅವರು ತೀರಿಕೊಂಡರು. ಆ ಕೇಂದ್ರಕ್ಕೆ ಇದ್ದದ್ದು ಪಾಲಿಕ್ಲಿನಿಕ್ ನಡೆಸುವ ಪರವಾನಗಿಯೇ ಹೊರತು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಅನುಮತಿ ಇರಲಿಲ್ಲ ಎಂದು ಆರೋಗ್ಯ ಇಲಾಖೆಯ ಅಧಿಕಾರಿಗಳು ಆಗ ಹೇಳಿದ್ದರು.

ಹಾಗಾಗಿ ಒಳ್ಳೆಯ ಡಾಕ್ಟರ್ ಯಾರು ಎಂದಷ್ಟೇ ಕೇಳಿದರೆ ಸಾಲದು. ಈ ಜಾಗದಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಲು ಅನುಮತಿ ಇದೆಯೇ, ಏರುಪೇರಾದರೆ ಇಲ್ಲಿಯೇ ಜೀವ ಉಳಿಸುವ ವ್ಯವಸ್ಥೆ ಇದೆಯೇ ಎಂದೂ ಕೇಳಬೇಕು.

ಪ್ಲಾಸ್ಟಿಕ್ ಸರ್ಜರಿಯಲ್ಲಿ ಪ್ಲಾಸ್ಟಿಕ್ ಇರುತ್ತದೆಯೇ?

ಇದು ತುಂಬಾ ಹಳೆಯ ತಪ್ಪು ತಿಳಿವಳಿಕೆ. ಇಲ್ಲಿ 'ಪ್ಲಾಸ್ಟಿಕ್' ಎಂಬುದು ಅಚ್ಚಿಗೆ ತರು, ಆಕಾರ ಕೊಡು ಎಂಬರ್ಥದ ಗ್ರೀಕ್ ಮೂಲದ ಮಾತು. ಜರ್ಮನಿಯ ವೈದ್ಯ ಗ್ರೇಫೆ 1818ರಲ್ಲೇ ಮೂಗು ಕಟ್ಟುವ ಚಿಕಿತ್ಸೆಗೆ ಈ ಪದ ಬಳಸಿದ್ದರು. ನಾವು ಇಂದು ಪ್ಲಾಸ್ಟಿಕ್ ಎನ್ನುವ ವಸ್ತು ಬಂದದ್ದು ಎಷ್ಟೋ ವರ್ಷಗಳ ನಂತರ.

ಈ ವಿದ್ಯೆಗೆ ನಮ್ಮ ನೆಲದ ಕಥೆಯೂ ಇದೆ. ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರು 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗವನ್ನು ವಶಪಡಿಸಿಕೊಂಡರು. ಅದೇ ಯುದ್ಧದಲ್ಲಿ ಬ್ರಿಟಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ನಾಟಿ ವೈದ್ಯ ಆತನ ಹಣೆಯ ಚರ್ಮವನ್ನು ಕೆಳಗಿಳಿಸಿ ಹೊಸ ಮೂಗು ಕಟ್ಟಿದ. ಈ ವರದಿ 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝೀನ್'ನಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿ ಪ್ರಯೋಗ ಮಾಡಿದ ಕಾರ್‌ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಈ ವಿಧಾನವನ್ನು ಮಾಡಿ ತೋರಿಸಿದ. ಹಣೆಯ ಚರ್ಮದಿಂದ ಮೂಗು ಕಟ್ಟುವ ಈ ಕ್ರಮ ಸುಧಾರಣೆಗಳೊಂದಿಗೆ ಈಗಲೂ ಬಳಕೆಯಲ್ಲಿದೆ.

ಎರಡು ಬಗೆಯ ಚಿಕಿತ್ಸೆ, ಎರಡು ಬಗೆಯ ಲೆಕ್ಕ

ಸುಟ್ಟ ಗಾಯ, ಅಪಘಾತದ ಗಾಯ, ಸೀಳುತುಟಿ, ಕ್ಯಾನ್ಸರ್‌ನಿಂದ ಕಳೆದುಹೋದ ಅಂಗ ಇವನ್ನು ಸರಿಪಡಿಸುವುದು ಪುನರ್‌ರಚನೆಯ ಶಸ್ತ್ರಚಿಕಿತ್ಸೆ. ಆರೋಗ್ಯವಾಗಿರುವ ಅಂಗವನ್ನು ರೂಪಕ್ಕಾಗಿ ಬದಲಿಸುವುದು ಕಾಸ್ಮೆಟಿಕ್ ಶಸ್ತ್ರಚಿಕಿತ್ಸೆ. ಕಾನೂನು ಕೂಡ ಇವೆರಡನ್ನು ಬೇರೆಯಾಗಿಯೇ ನೋಡುತ್ತದೆ. ವೈದ್ಯಕೀಯ ಸೇವೆಗೆ ಇರುವ ಜಿಎಸ್‌ಟಿ ವಿನಾಯಿತಿ ರೂಪಕ್ಕಾಗಿ ಮಾಡಿಸುವ ಚಿಕಿತ್ಸೆಗೆ, ಕೂದಲು ನಾಟಿಗೆ ಸಿಗುವುದಿಲ್ಲ. ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಈ ಖರ್ಚು ಕೊಡುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಯ ಮಾತು ಬೇರೆ.

ಆದ್ದರಿಂದ ನಿಮ್ಮದು ಹುಟ್ಟಿನಿಂದ ಬಂದ ದೋಷ ಅಥವಾ ಗಾಯದ ಕಲೆಯಾಗಿದ್ದರೆ ಖಾಸಗಿ ಕ್ಲಿನಿಕ್ಕಿಗೆ ಸಾಲ ಮಾಡಿ ಹೋಗುವ ಮುನ್ನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ಮತ್ತು ಸುಟ್ಟಗಾಯಗಳ ವಿಭಾಗವಿದೆ. ಸೀಳುತುಟಿಗೆ ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಿವೆ.

ಕೊಬ್ಬು ತೆಗೆಸಿದರೆ ತೂಕ ಇಳಿಯುತ್ತದೆಯೇ?

ಲೈಪೋಸಕ್ಷನ್ ತೂಕ ಇಳಿಸುವ ಚಿಕಿತ್ಸೆಯಲ್ಲ. ಊಟ, ವ್ಯಾಯಾಮಗಳಿಗೆ ಜಗ್ಗದೆ ಒಂದೆಡೆ ಉಳಿದ ಕೊಬ್ಬಿಗೆ ಮಾತ್ರ ಅದು ಆಕಾರ ಕೊಡುತ್ತದೆ. ಇದರಲ್ಲಿ ಚರ್ಮದಡಿ ಔಷಧಿ ಬೆರೆಸಿದ ದ್ರವವನ್ನು ತುಂಬಿ, ಸಣ್ಣ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ದ್ರವದ ಲೆಕ್ಕ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲಬಹುದು. ಕೊಬ್ಬಿನ ಕಣ ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋಗಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕೊಳವೆ ತಗುಲಿ ಕರುಳು ತೂತಾಗಬಹುದು. ತರಬೇತಾದವರ ಕೈಯಲ್ಲಿ, ಸರಿಯಾದ ಆಸ್ಪತ್ರೆಯಲ್ಲಿ ಇವು ಅಪರೂಪ. ಆದರೆ ಅರಿವಳಿಕೆ ತಜ್ಞರು, ಆಮ್ಲಜನಕ, ತೀವ್ರ ನಿಗಾ ಘಟಕ ಇರಲೇಬೇಕೆನ್ನುವುದು ಆ ಅಪರೂಪದ ಗಳಿಗೆಗಾಗಿಯೇ.

ಬೋರ್ಡಿನ ಮೇಲಿನ ಅಕ್ಷರಗಳನ್ನು ಓದುವುದು

ಪ್ಲಾಸ್ಟಿಕ್ ಸರ್ಜನ್ ಆಗಲು ಎಂಬಿಬಿಎಸ್ ನಂತರ ಸಾಮಾನ್ಯವಾಗಿ 3 ವರ್ಷ ಜನರಲ್ ಸರ್ಜರಿಯಲ್ಲಿ ಎಂಎಸ್, ಅದರ ಮೇಲೆ ಮತ್ತೆ 3 ವರ್ಷ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಓದಬೇಕು. ಅದಕ್ಕೆ ಸಮನಾದ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪದವಿಯೂ ಇದೆ. ಚರ್ಮರೋಗ ತಜ್ಞರು ಚರ್ಮ ಮತ್ತು ಕೂದಲಿನ ಹಲವು ಚಿಕಿತ್ಸೆಗಳಲ್ಲಿ, ಕಿವಿ-ಮೂಗು-ಗಂಟಲು ತಜ್ಞರು ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದಿರುತ್ತಾರೆ. ಆದರೆ 'ಕಾಸ್ಮೆಟಾಲಜಿಸ್ಟ್', 'ಏಸ್ಥೆಟಿಕ್ ಫಿಸಿಶಿಯನ್' ಎಂಬ ಹೆಸರನ್ನು ಕೆಲವೇ ವಾರಗಳ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳುವುದುಂಟು. ಅದು ಶಸ್ತ್ರವೈದ್ಯರ ಪದವಿಯಲ್ಲ. ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿದ ಮಾತ್ರಕ್ಕೆ ಇಂಥ ಚಿಕಿತ್ಸೆ ಆರಂಭಿಸಲು ಬೇಕಾದ ತರಬೇತಿ ಆಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟವಾಗಿ ಹೇಳಿತು. ಹಾಗೆ ಹೇಳಬೇಕಾಗಿ ಬಂದದ್ದೇ ಪರಿಸ್ಥಿತಿ ಹೇಗಿದೆ ಎಂಬುದನ್ನು ತೋರಿಸುತ್ತದೆ.

ಪರಿಶೀಲಿಸುವುದು ಕಷ್ಟವಲ್ಲ. ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹುಡುಕಿ ನೋಡಿ. ಆಸ್ಪತ್ರೆಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ, ನೋಂದಣಿ ಕಡ್ಡಾಯ. ಪ್ರಮಾಣಪತ್ರ ಗೋಡೆಯ ಮೇಲೆ ಇದೆಯೇ ಎಂದಷ್ಟೇ ನೋಡದೆ, ಯಾವ ಬಗೆಯ ಸಂಸ್ಥೆಗೆ ಕೊಟ್ಟದ್ದು ಎಂಬುದನ್ನೂ ಓದಿ.

ಜಾಹೀರಾತು ಹೇಗೆ ನಂಬಿಸುತ್ತದೆ?

'ಮೊದಲು-ನಂತರ' ಚಿತ್ರಗಳು ಸುಳ್ಳೇ ಆಗಿರಬೇಕಿಲ್ಲ, ಆಯ್ದವಾದರೂ ಸಾಕು. ನೂರು ಜನರಲ್ಲಿ ಚೆನ್ನಾಗಿ ಬಂದ ಐವರನ್ನು ತೋರಿಸಿದರೆ ಉಳಿದ 95 ಜನ ಕಾಣುವುದಿಲ್ಲ. ಬೆಳಕು, ನಿಲುವು, ಕ್ಯಾಮೆರಾದ ಕೋನ ಬದಲಾದರೆ ಚಾಕು ಮುಟ್ಟದೆಯೂ ಹೊಟ್ಟೆ ಸಣ್ಣಗೆ ಕಾಣುತ್ತದೆ. ಪ್ರಭಾವಿಗಳ ರೀಲ್ ನೋಡುವಾಗ ಅವರಿಗೆ ಚಿಕಿತ್ಸೆ ಉಚಿತವಾಗಿ ಸಿಕ್ಕಿರಬಹುದು ಎಂಬುದು ನೆನಪಿರಲಿ. ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳು ಒಪ್ಪುವುದಿಲ್ಲ. 'ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ' ಎನ್ನುವವರಿಂದ ದೂರವಿರಿ. ರೂಪದ ಶಸ್ತ್ರಚಿಕಿತ್ಸೆಯಲ್ಲಿ ತುರ್ತು ಎಂಬುದಿಲ್ಲ.

ಊರು ದೂರವಿದ್ದರೆ

ನಮ್ಮ ಜಿಲ್ಲೆಯವರಿಗೆ ಒಂದು ಹೆಚ್ಚಿನ ಲೆಕ್ಕವಿದೆ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಚಿಕಿತ್ಸೆ ಮಾಡಿಸಿಕೊಂಡು ಸಂಜೆ ಬಸ್ಸಿನಲ್ಲಿ ಚಿಂತಾಮಣಿಗೋ ಗೌರಿಬಿದನೂರಿಗೋ ಬಂದರೆ, ನಡುರಾತ್ರಿ ಉಸಿರು ಕಟ್ಟಿದಾಗ ನೋಡುವವರು ಯಾರು? ರಕ್ತ ಹೆಪ್ಪುಗಟ್ಟುವುದು, ಸೋಂಕು ಇವು ಕೆಲವು ದಿನ ಬಿಟ್ಟೂ ಬರುತ್ತವೆ. ಆದ್ದರಿಂದ ಮೊದಲ ಕೆಲವು ದಿನ ಆಸ್ಪತ್ರೆಯ ಹತ್ತಿರವೇ ಉಳಿಯುವ ಖರ್ಚನ್ನೂ, ಮತ್ತೆ ಮತ್ತೆ ಹೋಗಿ ಬರುವ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಶಸ್ತ್ರಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಚೀಟಿ ಕೈಯಲ್ಲಿದ್ದರೆ ಜಿಲ್ಲಾಸ್ಪತ್ರೆಯ ವೈದ್ಯರಿಗೆ ಕೂಡಲೇ ದಾರಿ ಸಿಗುತ್ತದೆ. ಉಸಿರಾಟದ ತೊಂದರೆ, ಎದೆನೋವು, ಒಂದೇ ಕಾಲಿನ ಊತ, ಜ್ವರ ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ. ಬೈಗುಳದ ಭಯಕ್ಕೆ ಮುಚ್ಚಿಟ್ಟ ಚಿಕಿತ್ಸೆಯಲ್ಲಿ ಸಹಾಯ ತಡವಾಗುತ್ತದೆ.

ಬದಲಾಗಬೇಕಾದದ್ದು ದೇಹವೇ?

ಬೇರೆಯವರ ಕಣ್ಣಿಗೆ ಬೀಳದ ಸಣ್ಣ ಕೊರತೆಯೇ ದಿನವಿಡೀ ಕಾಡುತ್ತಿದ್ದರೆ, ಕನ್ನಡಿಯ ಮುಂದೆ ಗಂಟೆಗಟ್ಟಲೆ ಕಳೆಯುತ್ತಿದ್ದರೆ, ಅದಕ್ಕಾಗಿ ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದರೆ ಅದು ಮನಸ್ಸಿನ ಒಂದು ತೊಂದರೆ ಇರಬಹುದು. ಇಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಸಮಾಧಾನ ಸಿಗುವುದಿಲ್ಲ, ಮೂಗು ಸರಿಹೋದರೆ ಗಲ್ಲ ಕಾಡುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅತ್ತೆ ಮನೆಯವರು, ಗಂಡು ನೋಡಲು ಬಂದವರು ಆಡಿದ ಒಂದು ಮಾತಿಗಾಗಿ ಚಾಕುವಿಗೆ ಮೈಯೊಡ್ಡುವ ಮುನ್ನವೂ ಕೆಲವು ತಿಂಗಳು ಕಾದು ನೋಡಿ. ಒಳ್ಳೆಯ ಸರ್ಜನ್ ನಿಮಗೆ 'ಇದು ಬೇಡ' ಎಂದೂ ಹೇಳಬಲ್ಲರು.

ಸಹಿ ಹಾಕುವ ಮುನ್ನ ಕೇಳಿ

- ಶಸ್ತ್ರಚಿಕಿತ್ಸೆ ಮಾಡುವವರು ನೀವೇನಾ, ಬೇರೆಯವರಾ? ಈ ಚಿಕಿತ್ಸೆ ಎಷ್ಟು ಮಾಡಿದ್ದೀರಿ?
- ಅರಿವಳಿಕೆ ಕೊಡುವ ತಜ್ಞರು ಯಾರು? ಕೊನೆಯವರೆಗೂ ಇರುತ್ತಾರೆಯೇ?
- ತೀವ್ರ ನಿಗಾ ಘಟಕ ಇಲ್ಲೇ ಇದೆಯೇ? ಇಲ್ಲದಿದ್ದರೆ ಎಲ್ಲಿಗೆ ಕರೆದೊಯ್ಯುತ್ತೀರಿ?
- ನನ್ನ ವಿಷಯದಲ್ಲಿ ಏನೇನು ತಪ್ಪಾಗಬಹುದು? ಮತ್ತೆ ಮಾಡಬೇಕಾಗಿ ಬಂದರೆ ಖರ್ಚು ಯಾರದು?

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಲಿ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂಬುದು 1995ರಿಂದಲೇ ಇತ್ಯರ್ಥವಾಗಿದೆ. 2 ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ವೈದ್ಯರ ಮೇಲಿನ ದೂರನ್ನು ವೈದ್ಯಕೀಯ ಪರಿಷತ್ತಿಗೆ, ಆಸ್ಪತ್ರೆಯ ಮೇಲಿನದನ್ನು ಆ ಜಿಲ್ಲೆಯ ಕೆಪಿಎಂಇ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಅದಕ್ಕೆ ರಸೀದಿ, ಒಪ್ಪಿಗೆ ಪತ್ರ, ವರದಿಗಳ ಪ್ರತಿ ನಿಮ್ಮ ಬಳಿ ಇರಬೇಕು.

ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವ ವೈದ್ಯರು ಸಿಕ್ಕರೆ, ಮತ್ತೊಬ್ಬ ತಜ್ಞರ ಅಭಿಪ್ರಾಯವೂ ಅದೇ ಆಗಿದ್ದರೆ, ಆಮೇಲೆ ಯೋಚಿಸಿ ನಿರ್ಧರಿಸಿ. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕುವ ಕಡೆ ಮುಂಗಡ ಕಟ್ಟಬೇಡಿ.