ಮೂಸೆಗೆ ಬಿದ್ದ ಒಡವೆಗಳು

ಮುತ್ತಜ್ಜಿಯ ಜಡೆನಾಗರವನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ‘ಎಕ್ಸ್‌ಚೇಂಜ್ ಆಫರ್’ ಕೌಂಟರಿನ ಮೇಲೆ ಸುರಿಯುವವರಿಗೆ ಎಳ್ಳಷ್ಟಾದರೂ ನಾಚಿಕೆ ಬೇಡವೇ? ಮೇಲೆ ಹೆಡೆ, ಕೆಳಗೆ ಸೂರ್ಯ, ಚಂದ್ರ, ಕೇದಗೆ. ಕೆಂಪುಕಲ್ಲಿನ ಬೆನ್ನಿಗೆ ತೆಳುತಗಡಿಟ್ಟು, ಒಳಗೆ ಅರಗು ತುಂಬಿ ಅಕ್ಕಸಾಲಿ ಕಟ್ಟಿದ ಕೆಲಸ ಅದು. ಅಂಗಡಿಯವನು ಇಕ್ಕಳದಿಂದ ಕಲ್ಲು ಕಿತ್ತು ಪೊಟ್ಟಣ ಕಟ್ಟಿ ಕೈಗಿಡುತ್ತಾನೆ. ಅರಗಿನ ತೂಕ ಕಳೆಯುತ್ತಾನೆ, ಬೆಸುಗೆಯ ಹೆಸರಲ್ಲಿ ಇನ್ನಷ್ಟು ಕಳೆಯುತ್ತಾನೆ. ಉಳಿದದ್ದು ಮೂಸೆಗೆ. ಕೈಕೆಲಸಕ್ಕೆ ಸಿಕ್ಕ ಬೆಲೆ ಸೊನ್ನೆ. ಮರುಗಳಿಗೆ ಅದೇ ಕೌಂಟರಿನಲ್ಲಿ ಯಂತ್ರದ ಅಚ್ಚೊತ್ತಿದ ಹಾರಕ್ಕೆ ಮೇಕಿಂಗ್ ಚಾರ್ಜು, ವೇಸ್ಟೇಜು, ಜಿಎಸ್‌ಟಿ ತೆರುತ್ತೇವೆ. ಆ ಹಾರಕ್ಕೆ ಇಟ್ಟ ಹೆಸರು ‘ಆಂಟಿಕ್ ಫಿನಿಶ್’! ಹಳೆಯದನ್ನು ಹಿಂದಿನ ಕೋಣೆಯಲ್ಲಿ ಕರಗಿಸಿ ಹಳೆಯದರ ವೇಷವನ್ನು ಮುಂದಿನ ಕಪಾಟಿನಲ್ಲಿ ಮಾರುವ ದಂಧೆ ಇದು.

ಹಾಲ್‌ಮಾರ್ಕ್ ಇಲ್ಲದ ಒಡವೆ ಇನ್ನು ನಡೆಯೋದಿಲ್ಲ ಎಂದು ಹೆದರಿಸುವವರೂ ಇದ್ದಾರೆ. ಶುದ್ಧ ಸುಳ್ಳು. 2021ರಲ್ಲಿ ಕಡ್ಡಾಯವಾದದ್ದು ಮಾರುವ ಅಂಗಡಿಗೆ, ನಿಮ್ಮ ಮನೆಯ ಪೆಟ್ಟಿಗೆಗಲ್ಲ.

ಸರ್ಕಾರವೂ ಏನು ಕಡಿಮೆ? 2015ರ ಚಿನ್ನ ನಗದೀಕರಣ ಯೋಜನೆಯಲ್ಲಿ ಒಡವೆ ಠೇವಣಿಯಾಗಬೇಕಾದರೆ ಮೊದಲು ಕರಗಲೇಬೇಕಿತ್ತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಊರಲ್ಲೇ ಬೆಂಕಿಗೆ ಹಾಕಿ, ಯಾರೂ ಕೇಳುವುದಿಲ್ಲ.

ಉಳಿಸಿಕೊಂಡವರು ಬೀಗುವುದೂ ಬೇಡ. ಟೂತ್‌ಪೇಸ್ಟು, ನಿಂಬೆಹುಳಿ ಹಾಕಿ ತಿಕ್ಕುತ್ತೀರಿ. ಮುತ್ತಿನ ಹೊಳಪು ಹುಳಿಗೇ ಸಾಯುತ್ತದೆ. ಕಲ್ಲಿನ ಓಲೆಯನ್ನು ನೀರಲ್ಲಿ ನೆನೆಹಾಕುತ್ತೀರಿ; ಹಿಂದಿನ ತಗಡಿಗೆ ನೀರು ಇಳಿದರೆ ಕಲ್ಲು ಕಪ್ಪಿಡುತ್ತದೆ, ಅದು ಮತ್ತೆ ಬೆಳಗದು. ಕೊಡಗಿನ ಜೋಮಾಲೆಯ ಗುಂಡುಗಳು ಪೊಳ್ಳು, ಒಳಗಿರುವುದು ಅರಗು. ಬಿಸಿನೀರಿಗೂ ಅಲ್ಟ್ರಾಸಾನಿಕ್ ಯಂತ್ರಕ್ಕೂ ಅದನ್ನು ಹಾಕಿಸುವವನು ಅಂಗಡಿಯವನಾಗಲಿ ಮನೆಯವನಾಗಲಿ, ಕೊಲೆಗಾರನೇ. ಒಣ ಮೆತ್ತನೆ ಬಟ್ಟೆ ಸಾಕು. ಒಂದೊಂದನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ದಾರ ಸವೆದರೆ ಹೊಸದಾಗಿ ಪೋಣಿಸಿ. ಇಷ್ಟಕ್ಕೆ ಯಾವ ವಿದ್ಯೆಯೂ ಬೇಡ. (ಸಾಬೂನು ಹಾಕಿದರೇನು ಎನ್ನಬೇಡಿ. ಒಣ ಬಟ್ಟೆ ಎಂದೆ.)

ಇನ್ನು ಪಾಲಿನ ಪ್ರಶ್ನೆ. ಮೂವರು ಮಕ್ಕಳಿಗೆ ಸಮಪಾಲು ಎಂದು ಒಂದು ಡಾಬನ್ನು ಮೂರು ತುಂಡು ಮಾಡಿಸಿದ ಮನೆಗಳಿವೆ. ಇಟ್ಟುಕೊಂಡವರು ಉಳಿದಿಬ್ಬರಿಗೆ ದುಡ್ಡು ಕೊಡಲಿ, ಇಲ್ಲವೇ ಸರದಿಯಲ್ಲಿ ತೊಡಲಿ.

ಆಸ್ಪತ್ರೆಗೋ ಫೀಸಿಗೋ ಮಾರಿದವರ ಮೇಲೆ ನನ್ನ ತಕರಾರಿಲ್ಲ. ಅಡವಿಟ್ಟರೆ ಬಿಡಿಸಿಕೊಳ್ಳಬಹುದು, ಮಾರಲೇಬೇಕಾದರೆ ತೊಡುವವರಿಗೆ ಇಡಿಯಾಗಿ ಮಾರಲಿ. ಫ್ಯಾಷನ್ ಹೋಯಿತೆಂದು ಕರಗಿಸಿ, ಮಗಳ ಮದುವೆಗೆ ಗಿಲೀಟಿನ ವಂಕಿ ಬಾಡಿಗೆಗೆ ತರುವವರೊಂದಿಗೆ ನನ್ನ ಜಗಳ.