ಉತ್ತರ ಯಾರದು?

ಸಮೀಕ್ಷಕರು ಮನೆಗೆ ಬರುತ್ತಾರೆ. ಕಿವಿ ಕೇಳದ ಬಾಲಕನಿಗೆ ಶಾಲೆಯ ಸೌಲಭ್ಯ ತೃಪ್ತಿಕರವೇ ಎಂಬ ಪ್ರಶ್ನೆಗೆ ತಾಯಿ ಉತ್ತರಿಸುತ್ತಾರೆ. ಬಾಲಕ ಪಕ್ಕದಲ್ಲೇ ಕುಳಿತಿರುತ್ತಾನೆ. ವರದಿಯಲ್ಲಿ ಅದು ‘ವಿಕಲಚೇತನರ ಅಭಿಪ್ರಾಯ’ವಾಗಿ ಅಚ್ಚಾಗುತ್ತದೆ. ಇಂತಹ ಸಮೀಕ್ಷೆಯನ್ನು ನಂಬಬಹುದೇ?

ನ್ಯಾಯಾಲಯದಲ್ಲಿ ಹೀಗೆ ನಡೆಯದು. ಮಾತನಾಡಲಾಗದ ಸಾಕ್ಷಿಯು ಬರವಣಿಗೆಯಿಂದಲೋ ಸಂಜ್ಞೆಯಿಂದಲೋ ನೀಡಿದ ಸಾಕ್ಷ್ಯವನ್ನು ಮೌಖಿಕ ಸಾಕ್ಷ್ಯವೆಂದೇ ಪರಿಗಣಿಸಬೇಕೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳಿತ್ತು. 2023ರ ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ದುಭಾಷಿಯು ನೆರವಾಗಬಹುದೇ ಹೊರತು ತನ್ನ ಅಭಿಪ್ರಾಯವನ್ನು ಸೇರಿಸುವಂತಿಲ್ಲ.

ವಿಕಲಚೇತನರೇ ಉತ್ತರಿಸಿದರೂ ನಂಬದವರುಂಟು. 1999ರಲ್ಲಿ ಪ್ರಕಟವಾದ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಅವರ ಅಧ್ಯಯನದಲ್ಲಿ, ಮಧ್ಯಮದಿಂದ ತೀವ್ರ ಪ್ರಮಾಣದ ವೈಕಲ್ಯವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬದುಕು ಚೆನ್ನಾಗಿದೆ ಎಂದಿದ್ದರು. ವಿದ್ವಾಂಸರು ಇದನ್ನು ವಿರೋಧಾಭಾಸವೆಂದು ಕರೆದರು. ವಾಸ್ತವದಲ್ಲಿ ವಿರೋಧವಿರುವುದು ಅವರ ಮಾತಿಗೂ ನಮ್ಮ ಊಹೆಗೂ ನಡುವೆ. ಹಾಗೆಂದು ಆ ಸಂತೃಪ್ತಿಯನ್ನೇ ನೆಪವಾಗಿಸಿ ಶಾಲೆಗೆ ರ‍್ಯಾಂಪ್ ಕಟ್ಟದಿರುವುದು ನ್ಯಾಯವಲ್ಲ.

ಬಾರದ ಭಾಷೆಯ ನಮೂನೆಯನ್ನು ಅನ್ಯರಿಂದ ತುಂಬಿಸಿ ಸಹಿ ಹಾಕಿದ ಅನುಭವ ಗಡಿನಾಡ ಕನ್ನಡಿಗರಿಗೆ ಹೊಸತಲ್ಲ. ಆದುದರಿಂದ ಯಾವ ವರದಿಯನ್ನು ಓದುವಾಗಲೂ ಮೂರು ಪ್ರಶ್ನೆ ಕೇಳೋಣ: ಉತ್ತರಿಸಿದವರು ಯಾರು? ಯಾವ ಭಾಷೆಯಲ್ಲಿ, ಯಾವ ಸಂಜ್ಞೆಯಲ್ಲಿ ಕೇಳಲಾಯಿತು? ಆಗ ಪಕ್ಕದಲ್ಲಿ ಯಾರಿದ್ದರು?

ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ವಿಕಲಚೇತನ ಮಕ್ಕಳಿಗೂ ಇದೆಯೆಂದು ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 7ನೆಯ ವಿಧಿ ಸಾರುತ್ತದೆ. ಭಾರತ ಅದನ್ನು 2007ರಲ್ಲಿ ಅನುಮೋದಿಸಿದೆ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಬಾರಿ ಸಮೀಕ್ಷಕರು ಬಂದಾಗ, ಪ್ರಶ್ನೆಯನ್ನು ಮೊದಲು ಮಗುವಿಗೆ ಕೇಳುವಂತೆ ಹೇಳಿರಿ, ಉತ್ತರ ಬರುವವರೆಗೆ ಕಾಯಿರಿ.