ಬ್ರೆಡ್ಡಿನ ಬಣ್ಣವಲ್ಲ, ಹಿಟ್ಟನ್ನು ನೋಡಿ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಎಂದು ತಿಳಿದ ಕೂಡಲೇ ಎರಡು ಬದಲಾವಣೆಗಳಾಗುತ್ತವೆ. ಚಹಾಕ್ಕೆ ಸಕ್ಕರೆ ಹಾಕುವುದು ನಿಲ್ಲುತ್ತದೆ, ಬಿಳಿ ಬ್ರೆಡ್ಡಿನ ಜಾಗಕ್ಕೆ ಬ್ರೌನ್ ಬ್ರೆಡ್ ಬರುತ್ತದೆ. ಮೊದಲನೆಯದು ಒಳ್ಳೆಯದೇ. ಎರಡನೆಯದರಿಂದ ಹಲವರಿಗೆ ಸಿಗುವುದು ಬರೀ ಸಮಾಧಾನ. "ಬ್ರೌನ್ ಬ್ರೆಡ್ಡೇ ತಿನ್ನುತ್ತಿದ್ದೇನೆ, ಆದರೂ ಶುಗರ್ ಇಳಿಯುತ್ತಿಲ್ಲ" ಎಂಬ ದೂರು ದವಾಖಾನೆಯಲ್ಲಿ ಆಗಾಗ ಕೇಳಿಬರುತ್ತದೆ.

ಕಂದು ಬಣ್ಣ ತವುಡಿನಿಂದಲೇ ಬರಬೇಕೆಂದಿಲ್ಲ, ಕ್ಯಾರಮೆಲ್ ಬೆರೆಸಿದರೂ ಬರುತ್ತದೆ. ಗೋಧಿಯ ಬ್ರೆಡ್ಡೇ ಆಗಿದ್ದರೂ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿ ಸಕ್ಕರೆಯಾಗುತ್ತದೆ. ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ತಿಳಿಸುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಗ್ಲೂಕೋಸಿಗೆ 100 ಅಂಕ. ಬಿಳಿ ಬ್ರೆಡ್ಡಿಗೆ ಸುಮಾರು 75, ಇಡಿ ಗೋಧಿ ಹಿಟ್ಟಿನ ಬ್ರೆಡ್ಡಿಗೆ ಸುಮಾರು 74. ಇಡಿ ಕಾಳು, ಒಡೆದ ಕಾಳು ಸೇರಿದ ಬ್ರೆಡ್ಡಿಗೆ ಮಾತ್ರ 55ರ ಆಸುಪಾಸು. ಗೋಧಿ ಬ್ರೆಡ್ಡಿನ ನಾರು ಮಲಬದ್ಧತೆಗೆ ಒಳ್ಳೆಯದು, ಆದರೆ ಅದೊಂದನ್ನೇ ನಂಬಿ ನಾಲ್ಕು ಹೋಳು ತಿನ್ನುವಂತಿಲ್ಲ.

ಪ್ರವಾದಿವರ್ಯರ(ಸ) ಕಾಲದ ರೊಟ್ಟಿಯನ್ನು ನೆನಪಿಸಿಕೊಳ್ಳಿ. ಅದು ಜವೆಗೋಧಿಯ ರೊಟ್ಟಿ. ಆಗ ಅವರಲ್ಲಿ ಜರಡಿಯೇ ಇರಲಿಲ್ಲ, ಬೀಸಿದ ಹಿಟ್ಟನ್ನು ಊದಿ ಹೊಟ್ಟು ಹಾರಿಸಿ ಉಳಿದದ್ದನ್ನು ಬಳಸುತ್ತಿದ್ದರೆಂದು ಬುಖಾರಿಯ ವರದಿಯಿಂದ ತಿಳಿಯುತ್ತದೆ. ಜವೆಯಲ್ಲಿರುವ ಒಂದು ಬಗೆಯ ನಾರು ಕರುಳಿನಲ್ಲಿ ಲೋಳೆಯಂತಾಗಿ, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ನಾವಾದರೋ ಜರಡಿ ಹಿಡಿದು ತವುಡನ್ನೆಲ್ಲ ತೆಗೆದು, ಬಳಿಕ ಔಷಧಿ ಅಂಗಡಿಯಲ್ಲಿ ನಾರಿನ ಪುಡಿ ಕೊಳ್ಳುತ್ತೇವೆ!

ಬ್ರೆಡ್ ಕೊಳ್ಳುವುದೇ ಆದರೆ ಪೊಟ್ಟಣದ ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದೇ ಮೊದಲು ಬರುತ್ತದೆ. ಮೊದಲ ಹೆಸರು 'ರಿಫೈನ್ಡ್ ವೀಟ್ ಫ್ಲೋರ್' ಎಂದಿದ್ದರೆ ಅದು ಮೈದಾ. 100 ಗ್ರಾಮಿಗೆ 6 ಗ್ರಾಮಾದರೂ ನಾರಿರುವ, ಕಾಳು ಕಣ್ಣಿಗೆ ಕಾಣುವ ಬ್ರೆಡ್ ಆರಿಸಿ. ಎರಡು ಹೋಳು ಸಾಕು, ಅದೂ ಜಾಮ್ ಜೊತೆಗಲ್ಲ; ಮೊಟ್ಟೆ, ದಾಲ್ ಅಥವಾ ತರಕಾರಿಯ ಜೊತೆಗೆ. ಚಹಾದಲ್ಲಿ ಅದ್ದುವ ರಸ್ಕ್, ಬನ್, ನಹಾರಿಯ ಜೊತೆಗಿನ ಮೈದಾ ರೊಟ್ಟಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಮರೆಯಬೇಡಿ.

ಇದಕ್ಕಿಂತ ಅಗ್ಗದ ದಾರಿ ಮನೆಯಲ್ಲೇ ಇದೆ. ಮೂರು ಪಾಲು ಗೋಧಿಗೆ ಒಂದು ಪಾಲು ಜವೆ ಸೇರಿಸಿ, ಸ್ವಲ್ಪ ತರಿಯಾಗಿ ಬೀಸಿಸಿ, ಜರಡಿ ಹಿಡಿಯದೆ ರೊಟ್ಟಿ ಮಾಡಿ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ ಇದ್ದೇ ಇದೆ. ಆದರೆ ಯಾವ ರೊಟ್ಟಿಯೂ ಔಷಧಿಯಲ್ಲ. ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ. ಊಟವಾಗಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿದರೆ ನಿಮ್ಮ ದೇಹಕ್ಕೆ ಯಾವುದು ಹಿಡಿಸಿತೆಂದು ಗೊತ್ತಾಗುತ್ತದೆ.

ಕೊನೆಯ ಮಾತು ಮನೆಯ ಹಿರಿಯರಿಗೆ. ಅಬ್ಬಾನಿಗೆ ಪಥ್ಯದ ರೊಟ್ಟಿ, ಮಕ್ಕಳಿಗೆ ಬನ್ ಎಂದು ದಸ್ತರ್‌ಖಾನನ್ನು ಎರಡು ಮಾಡಬೇಡಿ. ಸಕ್ಕರೆ ಕಾಯಿಲೆ ಮನೆತನದಲ್ಲಿ ಹರಿದು ಬರುವ ಸಾಧ್ಯತೆಯಿರುವುದರಿಂದ ಈ ರೊಟ್ಟಿ ಮಕ್ಕಳಿಗೂ ಬೇಕು. ಎಲ್ಲರೂ ಅದನ್ನೇ ತಿಂದರೆ ರೋಗಿಗೂ ತಾನು ಒಂಟಿ ಎನಿಸದು.